ಆಕಾಶ ನೋಡುವ ಮಗು

ಹೆರಿಗೆ ವಾರ್ಡಿನ ಬಾಗಿಲಿಗೆ ನಾನೇ ಅಂಟಿಸಿದ ಚೀಟಿ:
ಜೊತೆಗೆ ಒಬ್ಬರು ಮಾತ್ರ.
ಆ ಒಬ್ಬರು ನಿಶ್ಮಿತಾಳ ಅತ್ತೆ, ಉಳ್ಳಾಲದವರು,
ಒಳಗೆ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಸಣ್ಣಗೆ ಭಜನೆ ಹಾಕಿದ್ದಾರೆ.
ಹೊರಗೆ, ಗೋಡೆಗೆ ಅಂಗೈ ಒತ್ತಿ ನಿಂತ ಮುದುಕಿ
ಅಜ್ಜಿಯೋ, ಅಜ್ಜಿಯ ಅಕ್ಕನೋ,
ಕೇಳಲು ನನಗೆ ಪುರುಸೊತ್ತಿಲ್ಲ.

ಬೆಂಗ್ರೆಯವಳಂತೆ. ಹೆಸರು ಸೇಸಕ್ಕ.
ಕೊನೆಯ ದೋಣಿಯಲ್ಲಿ ಹೊಳೆ ದಾಟಿ ಬಂದಿದ್ದಾಳೆ,
ಹಾರ್ಲಿಕ್ಸ್ ಬಾಟಲಿಯಲ್ಲಿ ತೆಂಗಿನೆಣ್ಣೆ,
ನೂರು ಸಲ ಒಗೆದು ಮೆತ್ತಗಾದ ಸೀರೆಯ ತುಂಡು.
"ಅದೆಲ್ಲ ಇಲ್ಲಿ ಆಗುವುದಿಲ್ಲ ಅಜ್ಜಿ."
"ಗೊತ್ತುಂಟು ಮಗಾ" ಎಂದು ಬಾಟಲಿಯನ್ನು ಸೆರಗಿನೊಳಗೆ ಸೇರಿಸಿದಳು,
ಇನ್ನೊಬ್ಬರ ಮನೆಯ ಜಗಲಿಯಲ್ಲಿ
ಚಪ್ಪಲಿ ಬಿಡುವವರ ಹಾಗೆ.

ಎರಡು ಗಂಟೆ. ಮೂರು.
ಯಂತ್ರದಿಂದ ಕಾಗದ ಇಳಿಯುತ್ತಲೇ ಇದೆ.
ಎದೆಬಡಿತ ಸರಿಯಾಗಿದೆ; ಗರ್ಭದ ಬಾಯಿ ಮಾತ್ರ
ಆರು ಸೆಂಟಿಮೀಟರಿಗೆ ಬಂದು ಹಟ ಹಿಡಿದಿದೆ.
ಡಾಕ್ಟರನ್ನು ಎಬ್ಬಿಸಲೇ ಎಂದು ಹೊರಬಂದರೆ
ಗೋಡೆಯಿಂದ ಕೈ ತೆಗೆಯದೆ ಅಂದಳು:
"ಸಿಸ್ಟರ್, ಕೂಗು ಸೊಂಟದಿಂದ ಬರ್ತಾ ಉಂಟು.
ಮಗು ಆಕಾಶ ನೋಡ್ತಾ ಉಂಟು.
ಅಂಗಾತ ಮಲಗಿಸಿದ್ದೀರಲ್ಲ ಅವಳನ್ನು?
ಕೈ ಮಂಡಿ ಊರಿಸಿ.
ನೆಲ ಎಲ್ಲುಂಟು ಅಂತ ಅದಕ್ಕೆ ಗೊತ್ತಾಗಲಿ."

ನನ್ನ ಪುಸ್ತಕದಲ್ಲೂ ಇತ್ತು ಇದು.
ಯಾವುದೋ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ,
ಪರೀಕ್ಷೆಗೆ ಬರಲಿಕ್ಕಿಲ್ಲವೆಂದು ಬಿಟ್ಟದ್ದು.
ಬಂದ ಪ್ರಶ್ನೆ ಬೇರೆ:
ಸೂಲಗಿತ್ತಿಯರಿಂದಾಗುವ ಅಪಾಯಗಳನ್ನು ಪಟ್ಟಿ ಮಾಡಿ.
ತುಕ್ಕು ಹಿಡಿದ ಬ್ಲೇಡು, ಕೊಳೆ ಬಟ್ಟೆ, ಧನುರ್ವಾಯು...
ನನಗೆ ಐದಕ್ಕೆ ಐದು ಅಂಕ.

ಒಳಗೆ ಹೋಗಿ ಭಜನೆ ನಿಲ್ಲಿಸಿದೆ.
ನಿಶ್ಮಿತಾಳನ್ನು ತಿರುಗಿಸಿ, ಮಂಡಿಯೂರಿಸಿ,
ಬೆನ್ನಿನ ಕೆಳತುದಿಗೆ ಅಂಗೈಯ ಬುಡ ಒತ್ತಿ ಹಿಡಿದೆ.
ಅರ್ಧ ಗಂಟೆ. ಮುಕ್ಕಾಲು. ನನ್ನ ತೋಳು ನಡುಗುತ್ತಿತ್ತು.
ಕೂಗು ಸೊಂಟ ಬಿಟ್ಟು ಕೆಳಗಿಳಿದದ್ದು
ನನಗೂ ಕೇಳಿಸಿತು.

ಐದೂ ಹತ್ತಕ್ಕೆ, ನೆಲ ನೋಡುತ್ತ, ಬಂತು.

ಹೊರಗೆ ಓಡಿದೆ. ಗಂಡೋ ಹೆಣ್ಣೋ ಎಂದು ಕೇಳುತ್ತಾಳೆಂದುಕೊಂಡಿದ್ದೆ.
"ಮಾಸು ಪೂರ್ತಿ ಬಿತ್ತಾ?"
ಬಿತ್ತು ಎಂದೆ. ಆಮೇಲೆ ಗೋಡೆಯಿಂದ ಕೈ ತೆಗೆದಳು.
ಸುಣ್ಣದ ಮೇಲೆ ಬೆವರಿನ ಐದು ಬೆರಳು.

ಕ್ಯಾಂಟೀನಿನ ಚಾ ತಂದುಕೊಟ್ಟು ಕೇಳಿದೆ,
ಎಷ್ಟು ಹೆರಿಗೆ ಮಾಡಿಸಿದ್ದೀರಿ ನೀವು?
"ಬದುಕಿದವರ ಲೆಕ್ಕ ನನಗೆಂತಕ್ಕೆ, ಅವರೇ ಇಟ್ಟುಕೊಳ್ಳಲಿ.
ಹೋದವರು ಏಳು.
ಇಬ್ಬರು ತಾಯಂದಿರು, ಕುಸುಮ, ಮೈಮುನಾ.
ಮಕ್ಕಳಿಗೆ ಹೆಸರಿಡುವಷ್ಟು ಹೊತ್ತು ಸಿಗಲಿಲ್ಲ,
ನಾನೇ ಒಂದೊಂದು ಇಟ್ಟುಕೊಂಡಿದ್ದೇನೆ.
ಹೇಳುವುದಿಲ್ಲ."

ಮತ್ತೆ ತಾನಾಗಿಯೇ ನಕ್ಕಳು:
ಒಮ್ಮೆ ಆಸ್ಪತ್ರೆಗೆಂದು ಹೊರಟ ದೋಣಿ, ಇಳಿತದ ಹೊತ್ತು,
ಅಳಿವೆಯ ಮರಳಿಗೆ ಸಿಕ್ಕಿ ಕೂತದ್ದು.
ಬಲೆ ಕೊಯ್ಯುವ ಚೂರಿಯನ್ನು ಚಿಮಿಣಿಗೆ ಹಿಡಿದು ಕೆಂಪಗೆ ಕಾಸಿದ್ದು.
ದೋಣಿಯವ ಬೆನ್ನು ತಿರುಗಿಸಿ ಕಡಲು ನೋಡುತ್ತ
ಬೆಳಗಿನ ತನಕ ಕೂತದ್ದು,
ಅವನ ಕೈಯಲ್ಲೊಂದು ಹುಟ್ಟು, ಇವಳ ಕೈಯಲ್ಲೊಂದು.

ರಿಜಿಸ್ಟರ್ ತುಂಬಬೇಕು. ತೂಕ, ಹೊತ್ತು,
ಹೆರಿಗೆ ಮಾಡಿಸಿದವರು.
ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತು.
ಬರೆದದ್ದು ಮಾತ್ರ ನನ್ನದೇ ಹೆಸರು.

ಬಂದರಿನ ಕಡೆಯಿಂದ ಮಂಜುಗಡ್ಡೆ ಲಾರಿಗಳ ಸದ್ದು.
ಮೊದಲ ದೋಣಿಗೆ ಹೊರಟವಳು ತಿರುಗಿ ಬಂದು
"ಕೈ ತೋರಿಸಿ" ಎಂದಳು.
ಚಾಚಿದೆ, ಶಾಲೆಯ ಹುಡುಗಿಯ ಹಾಗೆ.
ಹೊರಳಿಸಿ ನೋಡಿದಳು, ಅಂಗೈ, ಮಣಿಕಟ್ಟು, ಒಂದೊಂದೇ ಬೆರಳು.
"ಉಗುರು ಸಣ್ಣ ಇಟ್ಟಿದ್ದೀರಿ. ಒಳ್ಳೆದಾಯ್ತು."

ಎಣ್ಣೆ ಬಾಟಲಿ ಬೆಂಚಿನ ಮೇಲೆ ಹಾಗೇ ಇತ್ತು.